ಒಂದು ಕಡೆ 65, ಇನ್ನೊಂದು ಕಡೆ 55: ಯಾವುದನ್ನು ನಂಬುವುದು?

ಪ್ರಶ್ನೆ: ನೆಟ್‌ಫ್ಲಿಕ್ಸ್‌ನ ‘ದಿ ಡೆವಿಲ್ ಆಲ್ ದಿ ಟೈಮ್’ ಚಿತ್ರಕ್ಕೆ, ವಿಮರ್ಶೆಗಳನ್ನು ಒಟ್ಟುಗೂಡಿಸಿ ಅಂಕ ತೋರಿಸುವ ಜಾಲತಾಣಗಳ ಪೈಕಿ ರಾಟನ್ ಟೊಮ್ಯಾಟೋಸ್‌ನಲ್ಲಿ ಸುಮಾರು ಶೇ. 65 ಇದೆ, ಮೆಟಾಕ್ರಿಟಿಕ್‌ನಲ್ಲಿ 55ರ ಆಸುಪಾಸು. ವಿಮರ್ಶಕರಿಗೆ ಇದು ಹಿಡಿಸಿತೋ ಇಲ್ಲವೋ?

ಉತ್ತರ: ಅರ್ಧಂಬರ್ಧ ಹಿಡಿಸಿತು. ಎರಡು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ, ಅಳೆಯುವ ಕೋಲು ಬೇರೆ.

ಶೇ. 65 ಅಂದರೆ ಚಿತ್ರಕ್ಕೆ ನೂರಕ್ಕೆ 65 ಅಂಕ ಬಂತು ಅಂತಲ್ಲ. ನೂರು ವಿಮರ್ಶಕರಲ್ಲಿ 65 ಜನ ಪಾಸು ಮಾಡಿದರು ಅಂತ. ಅಲ್ಲಿ ಪ್ರತಿ ವಿಮರ್ಶೆಯೂ ಪಾಸು ಇಲ್ಲವೇ ಫೇಲು. ಹತ್ತು ಜನ ‘ಪರವಾಗಿಲ್ಲ’ ಎಂದು ಹತ್ತಕ್ಕೆ ಆರಾರು ಕೊಟ್ಟರೂ ಫಲಿತಾಂಶ ಶೇ. 100! ಶೇ. 60 ಮುಟ್ಟಿದರೆ ಕೆಂಪು ಟೊಮ್ಯಾಟೊ, ಅಂದರೆ ಚಿತ್ರ ಪಾಸು. ಮೆಟಾಕ್ರಿಟಿಕ್‌ನದು ಸರಾಸರಿ. 4ಕ್ಕೆ 3 ನಕ್ಷತ್ರವಿದ್ದರೆ 75. ಅಂಕ ಕೊಡದ ವಿಮರ್ಶೆಯಾದರೆ ಅಲ್ಲಿನ ಸಿಬ್ಬಂದಿ ಓದಿ ತಾವೇ ಅಂಕ ಹಾಕುತ್ತಾರೆ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕವೂ ಉಂಟು, ಎಷ್ಟೆಂಬ ಗುಟ್ಟು ಬಿಟ್ಟುಕೊಡುವುದಿಲ್ಲ. 40ರಿಂದ 60ರವರೆಗೆ ಹಳದಿ ಬಣ್ಣ, ಅಂದರೆ ಮಿಶ್ರ ಅಭಿಪ್ರಾಯ.

ಇನ್ನು ಚಿತ್ರದ ವಿಷಯ. ಡೊನಾಲ್ಡ್ ರೇ ಪೊಲಾಕ್ 2011ರಲ್ಲಿ ಬರೆದ ಕಾದಂಬರಿಯನ್ನು ಆಂಟೋನಿಯೊ ಕ್ಯಾಂಪೋಸ್ 2020ರಲ್ಲಿ ತೆರೆಗೆ ತಂದರು. ಎರಡನೇ ಮಹಾಯುದ್ಧ ಮುಗಿದಲ್ಲಿಂದ ವಿಯೆಟ್ನಾಂ ಯುದ್ಧದ ದಿನಗಳವರೆಗೆ ಒಹಾಯೊ, ವೆಸ್ಟ್ ವರ್ಜೀನಿಯಾಗಳ ಹಳ್ಳಿಗಳಲ್ಲಿ ನಡೆಯುವ ಕಥೆ. (ಒಹಾಯೊ ನಿಜಕ್ಕೂ ಅಮೆರಿಕದ ದಕ್ಷಿಣದ ರಾಜ್ಯವಲ್ಲ. ಆದರೂ ಕುರುಡು ಭಕ್ತಿ, ಕಾಮುಕ ಬೋಧಕ, ಅಪ್ಪನಿಂದ ಮಗನಿಗಿಳಿಯುವ ಹಿಂಸೆ ಎಲ್ಲವೂ ಇರುವುದರಿಂದ, ಅಮೆರಿಕದ ದಕ್ಷಿಣದ ಕರಾಳ ಕಥೆಗಳಿಗೆ ಹಚ್ಚುವ ‘ಸದರ್ನ್ ಗಾಥಿಕ್’ ಹಣೆಪಟ್ಟಿ ಅಂಟಿಕೊಂಡಿತು.)

ನಟನೆಯ ಬಗ್ಗೆ ಹೆಚ್ಚು ತಕರಾರಿರಲಿಲ್ಲ. ಟಾಮ್ ಹಾಲೆಂಡ್‌ಗೆ ಮೆಚ್ಚುಗೆ ಸಿಕ್ಕಿತು. ಬೋಧಕನಾದ ರಾಬರ್ಟ್ ಪ್ಯಾಟಿನ್ಸನ್‌ನ ಕೀಚಲು ರಾಗದ ಮಾತು ಕೆಲವರಿಗೆ ಸೊಗಸಾಗಿ ಕಂಡರೆ ಕೆಲವರಿಗೆ ಅತಿ ಎನಿಸಿತು. ಏಟು ಬಿದ್ದದ್ದು ಕಥೆಯ ಹೆಣಿಗೆಗೆ. 2 ಗಂಟೆ 18 ನಿಮಿಷಗಳಲ್ಲಿ ಪಾತ್ರಗಳು ಒಂದರ ಹಿಂದೊಂದು ಸಾಯುತ್ತವೆ, ಒಂದು ಸಾವಿಗೆ ಮರುಗುವ ಮೊದಲೇ ಇನ್ನೊಂದು. ಕಾದಂಬರಿಕಾರರ ಸ್ವಂತ ದನಿಯ ನಿರೂಪಣೆಯೂ ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳುತ್ತದೆ ಎಂಬ ದೂರು.

ಅಂಕಿ ಬಿಟ್ಟು, ಹೊಗಳಿದ ಒಂದು ವಿಮರ್ಶೆ, ತೆಗಳಿದ ಒಂದು ವಿಮರ್ಶೆ ಪೂರ್ತಿ ಓದಿ. ‘ಬಹಳ ಕರಾಳ’ ಎಂದಷ್ಟೇ ದೂರಿದ್ದರೆ ಲೆಕ್ಕಕ್ಕಿಡಬೇಡಿ. ಮೆಣಸಿನ ಸಾರು ಖಾರ ಎಂದು ಗೊಣಗಿದ ಹಾಗೆ. ‘ಈ ಕ್ರೌರ್ಯ ಯಾಕೆ ಅಂತ ತಿಳಿಯಲಿಲ್ಲ’ ಎಂದಿದ್ದರೆ ಮಾತ್ರ ಕಿವಿಗೊಡಿ. ಆ ದೂರಿನಲ್ಲಿ ಹುರುಳಿದೆ: ಇಲ್ಲಿನ ಹೆಣ್ಣುಮಕ್ಕಳು ಬರುವುದೇ ನರಳಿ ಸಾಯಲು ಎನ್ನುವಂತಿದೆ.

ಪ್ರೇಕ್ಷಕರ ಅಂಕ ವಿಮರ್ಶಕರದಕ್ಕಿಂತ ಮೇಲಿರುವುದನ್ನೂ ಗಮನಿಸಿರಬಹುದು. ವಿಮರ್ಶಕರು ಬಂದದ್ದನ್ನೆಲ್ಲ ನೋಡಬೇಕು. ಇಂಥ ಚಿತ್ರ ಇಷ್ಟವಿಲ್ಲದ ಪ್ರೇಕ್ಷಕರು ಪ್ಲೇ ಬಟನ್ ಒತ್ತುವುದೇ ಅಪರೂಪ.