ಸೆಜಾನ್ ಮತ್ತು ಸಾಂತ್ ವಿಕ್ತ್ವಾರ್ ಬೆಟ್ಟ: ಅಧ್ಯಯನ ಟಿಪ್ಪಣಿ

ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್‌ನ (1839–1906) ನಿಸರ್ಗಚಿತ್ರಗಳನ್ನು ಅಭ್ಯಾಸ ಮಾಡುವವರು ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಚಿತ್ರ ಬರೆಯುವಾಗ ಅವನು ನಿಜವಾಗಿ ಎಷ್ಟು ನೋಡುತ್ತಿದ್ದ?

1860ರ ದಶಕದಲ್ಲಿ ನೋಡಿದ್ದು ಕಡಿಮೆ. ಕಪ್ಪು, ಕಂದು ಬಣ್ಣಗಳನ್ನು ಪ್ಯಾಲೆಟ್ ನೈಫಿನಿಂದ (ಬಣ್ಣ ಕಲಸುವ ಚಪ್ಪಟೆ ಚಾಕುವಿನಿಂದ) ಗಾರೆ ಮೆತ್ತಿದ ಹಾಗೆ ಮೆತ್ತಿದ್ದಾನೆ. ಅಲ್ಲಿ ಕಾಣುವುದು ಅವನದೇ ಒಳಗುದಿ. 1870ರ ಸುಮಾರಿಗೆ, ರೈಲು ದಾರಿಗಾಗಿ ಕೊರೆದ ದಿಬ್ಬದ ಚಿತ್ರವೊಂದರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿರುವ ಅವನ ಊರು ಎಕ್ಸ್ ಬಳಿಯ ಸಾಂತ್ ವಿಕ್ತ್ವಾರ್ ಬೆಟ್ಟ ಬರುತ್ತದೆ, ಆದರೆ ಬಲಬದಿಗೆ, ಹಿನ್ನೆಲೆಯಾಗಿ.

ತಿರುವು ಬಂದದ್ದು ಇಂಪ್ರೆಷನಿಸ್ಟ್ ಚಿತ್ರಕಾರ ಪಿಸಾರೊನಿಂದ. 1872ರ ನಂತರ ಪ್ಯಾರಿಸ್ ಹೊರವಲಯದ ಪೊಂತ್ವಾಸ್, ಓವೇರ್‌ಗಳಲ್ಲಿ ಇಬ್ಬರೂ ಬಯಲಲ್ಲೇ ಕೂತು ಬರೆದರು. ಪಿಸಾರೊನ ಒಂದು ನಿಸರ್ಗಚಿತ್ರವನ್ನು ಸೆಜಾನ್ ನಕಲು ಮಾಡಿಯೂ ಕಲಿತ. ಬಣ್ಣ ತಿಳಿಯಾಯಿತು, ಕುಂಚ ಗಿಡ್ಡವಾಗಿ ಓಡತೊಡಗಿತು. ಆದರೂ ಕ್ಷಣದ ಬೆಳಕನ್ನು ಹಿಡಿಯುವ ಇಂಪ್ರೆಷನಿಸ್ಟರ ಆತುರ ಅವನಿಗೆ ಒಗ್ಗಲಿಲ್ಲ. ಬೆಳಕು ಸರಿದ ಮೇಲೂ ಉಳಿಯುವುದು ಅವನಿಗೆ ಬೇಕಿತ್ತು.

ಈಗ ಅದೇ ಬೆಟ್ಟದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಲಂಡನ್ನಿನ ಕೋರ್ಟಾಲ್ಡ್ ಸಂಗ್ರಹದಲ್ಲಿರುವುದು 1887ರ ಸುಮಾರಿನದು. ಮುಂದೆ ಪೈನ್ ಮರ, ನಡುವೆ ಕಣಿವೆಯ ಹೊಲಗಳು ಮತ್ತು ರೈಲು ಸೇತುವೆ, ಹಿಂದೆ ಬೆಟ್ಟ. ಪೈನ್ ಕೊಂಬೆಯ ಬಾಗನ್ನೇ ಗಮನಿಸಿ: ಅದು ಬೆಟ್ಟದ ಅಂಚನ್ನು ಹಿಂಬಾಲಿಸುತ್ತದೆ. ಕೈಗೆಟಕುವ ಕೊಂಬೆಯೂ ಮೈಲಿಗಟ್ಟಲೆ ದೂರದ ಬೆಟ್ಟವೂ ಕ್ಯಾನ್ವಾಸಿನ ಮೇಲೆ ಅಕ್ಕಪಕ್ಕದ ಮನೆಯವರಾಗಿಬಿಡುತ್ತವೆ. ಕಂಡದ್ದನ್ನು ಕಂಡಂತೆ ಬರೆದರೆ ಹೀಗೆ ಹೊಂದುವುದು ಅಪರೂಪ. ಇಲ್ಲಿ ನೋಟದ ಜೊತೆ ಕಟ್ಟುವ ಕೆಲಸವೂ ನಡೆದಿದೆ.

ಇನ್ನೊಂದು ಫಿಲಡೆಲ್ಫಿಯಾದಲ್ಲಿರುವ 1902–04ರ ಚಿತ್ರ. ಮರದ ಚೌಕಟ್ಟು ಹೋಗಿದೆ, ಸೇತುವೆಯಿಲ್ಲ, ಮನೆಗಳು ಬರೀ ಬಣ್ಣದ ತೇಪೆಗಳು. ನೆಲದ ಹಸಿರು ಆಕಾಶದಲ್ಲೂ ಇದೆ. ವಿವರ ಕಡಿಮೆಯಾಯಿತು ಎಂದು ಇದನ್ನು ನಿಸರ್ಗದಿಂದ ದೂರ ಸರಿದದ್ದು ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೊಂದು ತೇಪೆಯೂ ಕಣ್ಣು ಬೆಟ್ಟದ ಮೇಲೆ ನಿಂತ ಒಂದೊಂದು ಗಳಿಗೆ ಎಂದುಕೊಂಡು ನೋಡಿ, ಚಿತ್ರ ತೆರೆದುಕೊಳ್ಳುತ್ತದೆ.

1904ರಲ್ಲಿ ಕಿರಿಯ ಚಿತ್ರಕಾರ ಎಮಿಲ್ ಬೆರ್ನಾರ್‌ಗೆ ಬರೆದ ಪತ್ರದ, ನಿಸರ್ಗವನ್ನು ‘ಸಿಲಿಂಡರ್, ಗೋಲ, ಶಂಕು’ಗಳ ಮೂಲಕ ಕಾಣಬೇಕು ಎಂಬ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. (ವಸ್ತುಗಳನ್ನು ಜ್ಯಾಮಿತಿಯ ತುಂಡುಗಳಾಗಿ ಬರೆದ ಮುಂದಿನ ಪಂಥ ಕ್ಯೂಬಿಸಮ್ಮಿನ ಬೇರನ್ನು ಅದರಲ್ಲೇ ಹುಡುಕುತ್ತಾರೆ, ಪಟ್ಟಿಯಲ್ಲಿ ಕ್ಯೂಬ್ ಮಾತ್ರ ಇಲ್ಲ!) ನನ್ನ ಮಟ್ಟಿಗೆ 1906ರ ಸೆಪ್ಟೆಂಬರಿನಲ್ಲಿ ಮಗನಿಗೆ ಬರೆದ ಪತ್ರ ಹೆಚ್ಚು ತೂಕದ್ದು. ನದಿಯ ದಡದಲ್ಲಿ ಜಾಗ ಬಿಟ್ಟು ಕದಲದೆ, ತುಸು ಬಲಕ್ಕೆ ತುಸು ಎಡಕ್ಕೆ ತಿರುಗುತ್ತ ತಿಂಗಳುಗಟ್ಟಲೆ ಕೆಲಸ ಮಾಡಬಲ್ಲೆ ಎನ್ನುತ್ತಾನೆ. ಮರುತಿಂಗಳು ಬಯಲಲ್ಲಿ ಚಿತ್ರ ಬರೆಯುತ್ತಿದ್ದಾಗ ಮಳೆಗೆ ಸಿಕ್ಕಿ ಹಾಸಿಗೆ ಹಿಡಿದ. ಕೆಲವೇ ದಿನಗಳಲ್ಲಿ ತೀರಿಕೊಂಡ.

ಕೊನೆಯ ತೈಲಚಿತ್ರಗಳು ಅರೆಬರೆ ಅನ್ನಿಸಿದರೆ ಅದೇ ಕಾಲದ ಜಲವರ್ಣಗಳನ್ನು ಮೊದಲು ನೋಡಿ. ಅಲ್ಲಿ ಬಿಳಿ ಕಾಗದವನ್ನು ಬೇಕೆಂದೇ ಬಿಟ್ಟಿದ್ದಾನೆ, ಬೆಳಕು ಅಲ್ಲಿಂದಲೇ ಬರುತ್ತದೆ. ತೈಲದಲ್ಲಿ ಬರಿದಾಗಿ ಉಳಿದ ಕ್ಯಾನ್ವಾಸನ್ನೂ ಹಾಗೆಯೇ ಓದಬಹುದು.