ಎಮ್ಮೆಲ್ಲೆ ಸೀಟು ಬಿಟ್ಟು ಮೇಯರ್ ಕುರ್ಚಿಗೆ: ಲಾರೆನ್ಸ್ ಊರಿನ ವಿಲಿಯಂ ಲಾಂಟಿಗ್ವಾ ಹಿನ್ನೆಲೆ

ನಮ್ಮ ಕಡೆ ಎಮ್ಮೆಲ್ಲೆ ಆದವರು ಮಿನಿಸ್ಟರ್ ಆಗೋಕೆ ನೋಡ್ತಾರೆ, ಅದು ಸಿಗ್ಲಿಲ್ಲ ಅಂದ್ರೆ ಯಾವುದಾದ್ರೂ ನಿಗಮದ ಅಧ್ಯಕ್ಷಗಿರಿಗೆ ಸಮಾಧಾನ ಪಟ್ಕೊಳ್ತಾರೆ, ಎಮ್ಮೆಲ್ಲೆಗಿರಿ ಬಿಟ್ಟು ಮೇಯರ್ ಆಗ್ತೀನಿ ಅಂತ ಯಾರಾದ್ರೂ ಹೊರಟ್ರೆ ಪಕ್ಕದಲ್ಲಿದ್ದವ್ರೇ ನಗ್ತಾರೆ. ಕಾರಣ ಗೊತ್ತಿರೋದೇ. ನಮ್ಮ ಪಾಲಿಕೆಗಳಲ್ಲಿ ಮೇಯರ್‌ನ ಆರಿಸೋದು ಕಾರ್ಪೊರೇಟರ್‌ಗಳು, ಅಧಿಕಾರ ಬಹುತೇಕ ಕಡೆ ಒಂದೇ ವರ್ಷ, ಅದೂ ಮೀಸಲಾತಿ ಪಟ್ಟಿ ನೋಡ್ಕೊಂಡು, ಫೈಲಿಗೆ ಸೈನ್ ಹಾಕೋದು ಮಾತ್ರ ಕಮಿಷನರ್. ಗೌನು ಹಾಕ್ಕೊಂಡು ಫೋಟೋಗೆ ನಿಲ್ಲೋ ಕೆಲಸ ಅಂತ ಜನ ತಮಾಷೆ ಮಾಡೋದು ಸುಮ್ನೆ ಅಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಲೆಕ್ಕ ಉಲ್ಟಾ. ಅಲ್ಲಿನ ರಾಜ್ಯದ ಕೆಳಮನೆಯಲ್ಲಿ 160 ಜನ ಇದ್ದಾರೆ, ಅವರಲ್ಲಿ ಒಬ್ಬ ಅಂದ್ರೆ ಸ್ಪೀಕರ್ ಹೇಳಿದ ಕಡೆ ಕೈ ಎತ್ತೋ ಒಬ್ಬ, ಅಷ್ಟೇ. ಅದೇ ಲಾರೆನ್ಸ್ ಥರದ ಒಂದು ಚಿಕ್ಕ ಸಿಟಿಗೆ ಮೇಯರ್ ಆದ್ರೆ ಜನರೇ ನೇರವಾಗಿ ಆರಿಸ್ತಾರೆ, ಅವಧಿ ನಾಲ್ಕು ವರ್ಷ, ಪೊಲೀಸ್ ಚೀಫ್‌ನಿಂದ ಹಿಡಿದು ಕಸದ ಗುತ್ತಿಗೆವರೆಗೆ ಮಾತು ನಡೆಯುತ್ತೆ, ಬಜೆಟ್ ಬರೆಯೋದೂ ಮೇಯರೇ, ಕೌನ್ಸಿಲ್ ಅದ್ರಲ್ಲಿ ಕಡಿಮೆ ಮಾಡಬಹುದೇ ಹೊರತು ತನ್ನಷ್ಟಕ್ಕೆ ತಾನು ಸೇರಿಸೋ ಹಾಗಿಲ್ಲ. ಹಾಗಾಗಿ ಎಮ್ಮೆಲ್ಲೆ ಥರದ ಸೀಟಿಂದ ಮೇಯರ್ ಸೀಟಿಗೆ ಬರೋದು ಅಲ್ಲಿ ಪ್ರಮೋಷನ್ನೇ. ಈ ಪ್ರಮೋಷನ್ ಒಬ್ಬ ಮನುಷ್ಯನಿಗೆ ಹೇಗೆ ಕೈಕೊಡ್ತು ಅನ್ನೋದಕ್ಕೆ ಲಾರೆನ್ಸ್ ಊರಿನ ವಿಲಿಯಂ ಲಾಂಟಿಗ್ವಾ ಅವರಿಗಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ.

ಮೊದ್ಲು ಊರಿನ ಬಗ್ಗೆ ಹೇಳ್ಬೇಕು, ಇಲ್ಲಾಂದ್ರೆ ಈ ಕಥೆ ಅರ್ಥ ಆಗಲ್ಲ. ಲಾರೆನ್ಸ್ ಇರೋದು ರಾಜ್ಯದ ರಾಜಧಾನಿ ಬಾಸ್ಟನ್ನಿಂದ ಉತ್ತರಕ್ಕೆ ನಲವತ್ತು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ, ಮೆರಿಮ್ಯಾಕ್ ನದಿ ದಡದಲ್ಲಿ. ತಾನಾಗೇ ಬೆಳೆದ ಊರಲ್ಲ, 1840ರ ದಶಕದಲ್ಲಿ ಬಾಸ್ಟನ್ನಿನ ದುಡ್ಡಿದ್ದವರು ನದಿಗೆ ಕಲ್ಲಿನ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿ, ಬಟ್ಟೆ ಮಿಲ್ಲುಗಳಿಗೆ ಅಂತಲೇ ನಕ್ಷೆ ಹಾಕಿ ಮಾಡಿದ ಊರು. ಕೆಲಸಕ್ಕೆ ಬಂದವ್ರು ಐರಿಷ್, ಇಟಾಲಿಯನ್, ಪೋಲಿಷ್, ಲಿಥುವೇನಿಯನ್, ಸಿರಿಯನ್, ಹೀಗೆ ಎಲ್ಲೆಲ್ಲಿಂದಲೋ. 1912ರಲ್ಲಿ ವಾರಕ್ಕೆ 56 ಗಂಟೆ ಇದ್ದ ಕೆಲಸವನ್ನ ಹೆಂಗಸರಿಗೂ ಮಕ್ಕಳಿಗೂ 54ಕ್ಕೆ ಇಳಿಸೋ ಕಾನೂನು ಬಂತು, ಮಾಲೀಕರು ಸಂಬಳವನ್ನೂ ಅಷ್ಟಕ್ಕೇ ಕಟ್ ಮಾಡಿದ್ರು, ಜನವರಿ ಚಳಿಯಲ್ಲಿ ಸಂಬಳದ ಕವರ್ ತೆಗೆದು ನೋಡಿದ ಪೋಲಿಷ್ ಹೆಂಗಸರು ಮಗ್ಗ ನಿಲ್ಲಿಸಿ ಹೊರಗೆ ಬಂದ್ರು. ಕಮ್ಮಿಯಾಗಿದ್ದು ಕೆಲವೇ ಸೆಂಟ್, ಆದ್ರೆ ಅಷ್ಟರಲ್ಲಿ ಮನೆಗೆ ಒಂದಿಷ್ಟು ಬ್ರೆಡ್ ಬರ್ತಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಎರಡು ತಿಂಗಳು ಮುಷ್ಕರ ಹೂಡಿ ಗೆದ್ರು. ಕಾರ್ಮಿಕ ಚಳವಳಿ ಇತಿಹಾಸ ಓದಿದವ್ರಿಗೆ ಲಾರೆನ್ಸ್ ಅಂದ್ರೆ ಇವತ್ತಿಗೂ ಇದೇ.

ಆಮೇಲೆ ಮಿಲ್ಲುಗಳು ಕೂಲಿ ಕಮ್ಮಿ ಇರೋ ದಕ್ಷಿಣದ ರಾಜ್ಯಗಳಿಗೆ ಹೋದ್ವು. ಖಾಲಿ ಬಿದ್ದ ಬಾಡಿಗೆ ಮನೆಗಳಿಗೆ, ಉಳಿದಿದ್ದ ಸಣ್ಣಪುಟ್ಟ ಫ್ಯಾಕ್ಟರಿಗಳಿಗೆ 1960ರ ನಂತರ ಪೋರ್ಟೊ ರಿಕೋದವ್ರು, ಅವರ ಹಿಂದೆಯೇ ಡೊಮಿನಿಕನ್ ರಿಪಬ್ಲಿಕ್‌ನವ್ರು ಬಂದ್ರು. ಹಳಬರಿಗೆ ಇದು ಇಷ್ಟ ಆಗ್ಲಿಲ್ಲ, 1984ರ ಆಗಸ್ಟ್‌ನಲ್ಲಿ ಟವರ್ ಹಿಲ್ ಅನ್ನೋ ಏರಿಯಾದಲ್ಲಿ ಎರಡು ರಾತ್ರಿ ಗಲಭೆ, ಕಲ್ಲು, ಬೆಂಕಿ ಎಲ್ಲಾ ಆಯ್ತು. 2010ರ ಜನಗಣತಿ ಹೊತ್ತಿಗೆ ಊರಿನ ಜನಸಂಖ್ಯೆ 76,377, ಅದ್ರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಲ್ಯಾಟಿನೊಗಳು, ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದವ್ರು. ಆದ್ರೆ ಸಿಟಿ ಹಾಲ್ ಒಳಗೆ ಹೋದ್ರೆ ಆ ಲೆಕ್ಕ ಎಷ್ಟೋ ವರ್ಷ ಕಾಣಿಸ್ತಾನೇ ಇರ್ಲಿಲ್ಲ, ಎಷ್ಟರ ಮಟ್ಟಿಗೆ ಅಂದ್ರೆ 1998ರಲ್ಲಿ ಕೇಂದ್ರದ ನ್ಯಾಯ ಇಲಾಖೆನೇ ಮತದಾನ ಹಕ್ಕಿನ ಕಾನೂನಿನಡಿ ಈ ಊರಿನ ಮೇಲೆ ಕೇಸ್ ಹಾಕ್ಬೇಕಾಯ್ತು, ಸ್ಪ್ಯಾನಿಷ್ ಮಾತಾಡೋ ಮತದಾರರಿಗೆ ಸರಿಯಾದ ವ್ಯವಸ್ಥೆ ಇಲ್ಲ ಅಂತ. ಅದೇ ವರ್ಷ ಹೊಸೆ ಸಾಂಟಿಯಾಗೊ ರಾಜ್ಯದ ಕೆಳಮನೆಗೆ ಗೆದ್ರು. 2001ರಲ್ಲಿ ಇಸಾಬೆಲ್ ಮೆಲೆಂಡೆಸ್ ಅನ್ನೋ ಹೆಣ್ಣುಮಗಳು, ರೇಡಿಯೋದಲ್ಲಿ ಮಾತಾಡಿ ಊರಿಗೆಲ್ಲಾ ಪರಿಚಯ ಇದ್ದವರು, ಮೇಯರ್ ಚುನಾವಣೆಯ ಕೊನೇ ಸುತ್ತಿಗೆ ಹೋಗಿ ಮೈಕೆಲ್ ಸಲಿವನ್ ಎದುರು ಸೋತ್ರು. ಬಾಗಿಲವರೆಗೂ ಹೋಗಿ ವಾಪಸ್ ಬಂದ ಹಾಗಾಯ್ತು ಲ್ಯಾಟಿನೊಗಳಿಗೆ.

ಲಾಂಟಿಗ್ವಾ ಹೆಸರು ದೊಡ್ಡದಾಗಿ ಕೇಳಿಸಿದ್ದು ಇಲ್ಲಿಂದ. ಡೊಮಿನಿಕನ್ ರಿಪಬ್ಲಿಕ್‌ನ ತೆನಾರೆಸ್ ಅನ್ನೋ ಸಣ್ಣ ಊರಿನವರು, ಹುಡುಗ ವಯಸ್ಸಲ್ಲಿ ಬಂದು ಸೇರ್ಕೊಂಡವರು. 2002ರಲ್ಲಿ ಪಕ್ಷೇತರರಾಗಿ ನಿಂತು ಅದೇ ಸಾಂಟಿಯಾಗೊ ಅವರನ್ನ ಸೋಲಿಸಿ ಸ್ಟೇಟ್ ಹೌಸ್‌ಗೆ, ಅಂದ್ರೆ ಅಲ್ಲಿನ ವಿಧಾನಸೌಧಕ್ಕೆ, ಹೋದ್ರು. ಡೆಮಾಕ್ರಟ್‌ಗಳೇ ತುಂಬಿರೋ ಮ್ಯಾಸಚೂಸೆಟ್ಸ್‌ನಲ್ಲಿ ಪಕ್ಷೇತರ ಗೆಲ್ಲೋದು ಸಣ್ಣ ಮಾತಲ್ಲ, ಅದು ಮನೆ ಮನೆ ಸುತ್ತಿ, ಒಬ್ಬೊಬ್ಬರ ಹೆಸರು ನೆನಪಿಟ್ಕೊಂಡು ಗೆಲ್ಲೋ ಚುನಾವಣೆ. ಆಮೇಲೆ ಡೆಮಾಕ್ರಟ್ ಆದ್ರು ಅನ್ನಿ. ಏಳು ವರ್ಷ ಅವರು ಮಾಡಿದ್ದು ನಮ್ಮ ಎಮ್ಮೆಲ್ಲೆಗಳು ಬೆಳಗ್ಗೆ ಮನೆ ಮುಂದೆ ಕೂತು ಮಾಡೋ ಕೆಲಸಾನೇ: ಯಾರದ್ದೋ ಬಾಡಿಗೆ ತಕರಾರು, ಯಾರಿಗೋ ಕೆಲಸ, ಯಾರದ್ದೋ ಅರ್ಜಿ, ಇಂಗ್ಲಿಷ್ ಬರದವ್ರಿಗೆ ಒಂದು ಫೋನ್. ಇದನ್ನ ಹಗುರವಾಗಿ ತಗೋಬೇಡಿ, ಸರ್ಕಾರ ಅಂದ್ರೆ ಭಯ ಇರೋ ಜನಕ್ಕೆ ತಮ್ಮ ಭಾಷೆಯಲ್ಲಿ ಮಾತಾಡೋ ಒಬ್ಬ ಒಳಗಿದ್ದಾನೆ ಅನ್ನೋದೇ ದೊಡ್ಡ ಧೈರ್ಯ.

2009ರ ನವೆಂಬರ್‌ನಲ್ಲಿ ಕೌನ್ಸಿಲರ್ ಡೇವಿಡ್ ಅಬ್ದೂ ಅವರನ್ನ ಸೋಲಿಸಿ ಲಾಂಟಿಗ್ವಾ ಮೇಯರ್ ಆದ್ರು. ಮ್ಯಾಸಚೂಸೆಟ್ಸ್‌ನಲ್ಲಿ ಜನರ ಓಟಿಂದ ಮೇಯರ್ ಆದ ಮೊದಲ ಲ್ಯಾಟಿನೊ. ದೇಶದ ಪೇಪರ್‌ಗಳಲ್ಲೆಲ್ಲಾ ಬಂತು. ಅಧಿಕಾರ ವಹಿಸ್ಕೊಂಡಿದ್ದು 2010ರ ಜನವರಿ, ಎಡವಟ್ಟು ಶುರುವಾಗಿದ್ದೂ ಅದೇ ತಿಂಗಳು.

ಯಾಕಂದ್ರೆ ಅವರು ಹಳೇ ಸೀಟು ಬಿಡಲಿಲ್ಲ. ಮೇಯರ್ ಸಂಬಳ ಒಂದು ಕಡೆ, ರೆಪ್ರೆಸೆಂಟೇಟಿವ್, ಅಂದ್ರೆ ಕೆಳಮನೆ ಮೆಂಬರ್ ಸಂಬಳ ಇನ್ನೊಂದು ಕಡೆ, ಎರಡೂ ಕೆಲಸ ಮಾಡಬಲ್ಲೆ ಅಂತ ಕೂತ್ರು. ಕಾನೂನಲ್ಲಿ ಅಡ್ಡಿ ಇರ್ಲಿಲ್ಲ. ಆದ್ರೆ ಊರಿನ ಖಜಾನೆ ಖಾಲಿ, ಹಿಂದಿನ ಆಡಳಿತ ಬಿಟ್ಟು ಹೋದ ಕೋಟ್ಯಂತರ ಡಾಲರ್ ಕೊರತೆ, ಹೊರಗಡೆ ಸಾಲ ಹುಟ್ಟೋ ಹಾಗಿಲ್ಲ, ರಾಜ್ಯ ಕೈ ಹಿಡೀದೆ ಇದ್ರೆ ಸಂಬಳ ಕೊಡೋದೂ ಕಷ್ಟ. 3.5 ಕೋಟಿ ಡಾಲರ್‌ವರೆಗೆ ಸಾಲ ಎತ್ತೋಕೆ ಅವಕಾಶ ಕೊಡೋ ಮಸೂದೆ ಬೀಕನ್ ಹಿಲ್‌ನಲ್ಲಿ, ಅಂದ್ರೆ ರಾಜ್ಯದ ವಿಧಾನಸಭೆ ಇರೋ ಜಾಗದಲ್ಲಿ, ಚರ್ಚೆಗೆ ಬಂದಿದೆ. ಈಗ ಸೀನ್ ನೋಡಿ: ಸಾಲ ಕೇಳ್ತಿರೋ ಊರಿನ ಮೇಯರ್ರೂ ಇವರೇ, ಸಾಲ ಕೊಡೋ ಸಭೆಯಲ್ಲಿ ಕೂತಿರೋ ಮೆಂಬರ್ರೂ ಇವರೇ, ಎರಡು ಕಡೆಯಿಂದಲೂ ಸಂಬಳ. ನಿಮ್ಮೂರಲ್ಲಿ ಲೈಬ್ರರಿಗೂ ಪೊಲೀಸಿಗೂ ದುಡ್ಡಿಲ್ಲ, ಮೇಯರ್ ಮಾತ್ರ ಎರಡು ಪಗಾರ ತಗೋತಾನಾ ಅಂತ ಬೇರೆ ಊರಿನ ಮೆಂಬರ್‌ಗಳಿಗೆ ಅವರ ಮತದಾರರು ಕೇಳಿದ್ರೆ ಏನು ಹೇಳ್ತಾರೆ? ಸೀಟು ಬಿಡದೆ ಮಸೂದೆ ಮುಂದೆ ಹೋಗಲ್ಲ ಅನ್ನೋ ಹಂತಕ್ಕೆ ಬಂತು. ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ರು. ಮಾರ್ಚ್‌ನಲ್ಲಿ ಗವರ್ನರ್ ಡೆವಾಲ್ ಪ್ಯಾಟ್ರಿಕ್ ಮಸೂದೆಗೆ ಸಹಿ ಹಾಕಿದ್ರು. ಜೊತೆಗೆ ಊರಿನ ಲೆಕ್ಕಪತ್ರ ನೋಡೋಕೆ ರಾಜ್ಯದಿಂದ ಒಬ್ಬ ಮೇಲ್ವಿಚಾರಕರು ಬಂದು ಕೂತ್ರು, ರಾಬರ್ಟ್ ನ್ಯೂನ್ಸ್ ಅಂತ.

ನನ್ನ ಪ್ರಕಾರ ಲಾಂಟಿಗ್ವಾ ಅವರ ಮೇಯರ್‌ಗಿರಿ ಅರ್ಧ ಮುಗಿದಿದ್ದೇ ಆ ಎರಡು ತಿಂಗಳಲ್ಲಿ. ಸೀಟು ಬಿಟ್ಟಿದ್ದಕ್ಕಲ್ಲ, ಬಿಡೋಕೆ ಎಳೆದಾಡಿದ್ದಕ್ಕೆ. ಸ್ಟೇಟ್ ಹೌಸ್‌ನಲ್ಲಿ ಏಳು ವರ್ಷ ಕೂಡಿಟ್ಟ ಸ್ನೇಹ, ಲೆಕ್ಕಾಚಾರ, ಗೌರವ ಎಲ್ಲಾ ಆ ಎರಡನೇ ಪಗಾರಕ್ಕೆ ಖರ್ಚಾಯ್ತು. ಮೊದಲ ದಿನವೇ ಬಿಟ್ಟಿದ್ರೆ ಹೀರೋ ಆಗ್ತಿದ್ರು.

ಇನ್ನೊಂದು ವಿಷ್ಯ, ಇದನ್ನ ಅವರನ್ನ ಬೈಯೋರು ಕೂಡ ಸರಿಯಾಗಿ ಹೇಳಲ್ಲ. ಶಾಸಕನ ಕೆಲಸ ಕೇಳೋದು. ನಮ್ಮೂರಿಗೆ ಅದು ಕೊಡಿ, ಇದು ಕೊಡಿ, ಇವನಿಗೆ ಒಂದು ದಾರಿ ಮಾಡಿ. ಮೇಯರ್ ಕೆಲಸ, ಅದೂ ದಿವಾಳಿ ಊರಿನ ಮೇಯರ್ ಕೆಲಸ, ಇಲ್ಲ ಅನ್ನೋದು. ಜೀವಮಾನ ಇಡೀ ಆಗುತ್ತೆ ಅಣ್ಣ ಮಾಡ್ಸೋಣ ಅಂತ ಹೇಳ್ಕೊಂಡು ಬಂದವರಿಗೆ ಇಲ್ಲ ಅನ್ನೋ ಕುರ್ಚಿ ಸಿಕ್ತು. 2010ರಲ್ಲೇ ಪೊಲೀಸ್ ಮತ್ತು ಫೈರ್ ಎರಡೂ ಕಡೆ ಜನರನ್ನ ಮನೆಗೆ ಕಳಿಸ್ಬೇಕಾಯ್ತು. ಬೆಂಕಿ ಬಿದ್ರೆ ಅಕ್ಕಪಕ್ಕದ ಊರಿನ ಗಾಡಿಗಳು ಬರ್ಬೇಕು, ಅವರು ನಿಮ್ಮ ಮೇಯರ್ ಕಡಿತ ಮಾಡಿದ್ದಕ್ಕೆ ನಾವ್ಯಾಕೆ ಓಡಿ ಬರೋದು ಅಂತ ಗೊಣಗೋಕೆ ಶುರು ಮಾಡಿದ್ರು. ಅದೇ ಹೊತ್ತಿಗೆ ಎಲೆಕ್ಷನ್ ಓಡಾಟ ನೋಡ್ಕೊಂಡಿದ್ದ ಸಾರ್ಜೆಂಟ್ ಒಬ್ಬರನ್ನ ಡೆಪ್ಯುಟಿ ಪೊಲೀಸ್ ಚೀಫ್ ಮಾಡಿದ್ದು ಜನರ ಕಣ್ಣಿಗೆ ಚುಚ್ತು. ಇಲ್ಲ ಅನ್ನೋದು ಊರಿಗೆ, ಹೂಂ ಅನ್ನೋದು ನಮ್ಮವರಿಗೆ ಅನ್ನೋ ಹಾಗಾಯ್ತು.

2011ರಲ್ಲಿ ಮೇಯರ್‌ನ ವಾಪಸ್ ಕರೆಸೋಕೆ, ಅಂದ್ರೆ ಅವಧಿಗೆ ಮೊದ್ಲೇ ಜನರ ಓಟಿಂದ ಕುರ್ಚಿಯಿಂದ ಇಳಿಸೋಕೆ, ಎರಡು ಸಲ ಸಹಿ ಸಂಗ್ರಹ ನಡೀತು, ಎರಡು ಸಲನೂ ಸಹಿ ಸಾಕಾಗ್ಲಿಲ್ಲ. ನವೆಂಬರ್‌ನಲ್ಲಿ ರಾಜ್ಯ ಶಿಕ್ಷಣ ಮಂಡಳಿ ಊರಿನ ಶಾಲೆಗಳನ್ನ ತನ್ನ ಕೈಗೆ ತಗೊಳ್ತು, ಹೈಸ್ಕೂಲ್ ಸೇರಿದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ನಾಲ್ಕು ವರ್ಷದಲ್ಲಿ ಮುಗಿಸ್ತಾನೇ ಇರ್ಲಿಲ್ಲ. ಮೇಯರ್ ಅಂದ್ರೆ ಸ್ಕೂಲ್ ಕಮಿಟಿಗೂ ಅಧ್ಯಕ್ಷರು, ಅಲ್ಲಿಗೆ ಆ ಕುರ್ಚಿಗೂ ಕೆಲಸ ಇಲ್ಲ. ದುಡ್ಡಿಗೆ ಬಾಸ್ಟನ್ನಿನ ಮೇಲ್ವಿಚಾರಕ, ಶಾಲೆಗೆ ಬಾಸ್ಟನ್ನಿನ ಮೇಲ್ವಿಚಾರಕ. 2012ರಲ್ಲಿ ಬಾಸ್ಟನ್ನಿನ ಒಂದು ಮ್ಯಾಗಜಿನ್ ಲಾರೆನ್ಸ್‌ನ್ನ ಶಾಪಗ್ರಸ್ತ ಊರು ಅಂತ ಬರೆದಾಗ ಲಾಂಟಿಗ್ವಾ ವಿರೋಧಿಗಳಿಗೂ ಸಿಟ್ಟು ಬಂತು, ನಮ್ಮನೆ ಜಗಳ ನಾವು ಆಡ್ಕೋತೀವಿ ನೀವ್ಯಾರು ಅನ್ನೋ ಸಿಟ್ಟು.

ಕಸದ ಲಾರಿ ಕಥೆ ಹೇಳ್ಲೇಬೇಕು. ಊರಿನ ಕಸ ಎತ್ತೋ ಗುತ್ತಿಗೆ ಕಂಪನಿ ಒಂದು ಕಸದ ಲಾರಿಯನ್ನ ದಾನ ಮಾಡ್ತು, ಯಾರಿಗೆ ಅಂದ್ರೆ ತೆನಾರೆಸ್‌ಗೆ, ಮೇಯರ್ ಹುಟ್ಟೂರಿಗೆ. ದಾನ ಮಾಡೋಕೆ ಒತ್ತಡ ಹಾಕಿದ್ರು ಅಂತ 2012ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಮಾರ್ತಾ ಕೋಕ್ಲಿ ಕಚೇರಿ ಮೇಯರ್ ಅವರ ಚೀಫ್ ಆಫ್ ಸ್ಟಾಫ್ ಮೇಲೆ ಕ್ರಿಮಿನಲ್ ಕೇಸ್ ಹಾಕ್ತು. ಆ ಡೆಪ್ಯುಟಿ ಚೀಫ್ ಮೇಲೂ ಊರಿನ ವಾಹನಗಳ ಅದಲುಬದಲು ವಿಷಯಕ್ಕೆ ಕೇಸ್ ಆಯ್ತು, ಅವರು ಖುಲಾಸೆ ಆದ್ರು. ಲಾಂಟಿಗ್ವಾ ಮೇಲೆ ಕ್ರಿಮಿನಲ್ ಆರೋಪ ಯಾವತ್ತೂ ದಾಖಲಾಗ್ಲಿಲ್ಲ, ಇದನ್ನ ನೆನಪಿಡ್ಬೇಕು, ಅವರ ಮೇಲೆ ಬಂದಿದ್ದು 2013ರಲ್ಲಿ ಚುನಾವಣಾ ನಿಧಿ ಲೆಕ್ಕದ ಬಗ್ಗೆ ಒಂದು ಸಿವಿಲ್ ದಾವೆ. ಆದ್ರೂ ಲಾರಿ ವಿಷ್ಯದಲ್ಲಿ ನನಗೆ ಕುತೂಹಲ ಹುಟ್ಟಿಸೋದು ಅಪರಾಧ ಅಲ್ಲ. ಪರದೇಶಕ್ಕೆ ಹೋದವನಿಗೆ ಹುಟ್ಟೂರಿಗೆ ಏನಾದ್ರೂ ಕಳಿಸ್ಬೇಕು ಅನ್ನೋ ಆಸೆ ಇರುತ್ತಲ್ಲ, ದೇವಸ್ಥಾನಕ್ಕೆ ಗ್ರಾನೈಟ್, ಶಾಲೆಗೆ ಕಾಂಪೌಂಡ್, ಅಂಥ ಆಸೆ ಸ್ವಂತ ಜೇಬಿಂದ ಬಂದ್ರೆ ಊರು ಹೊಗಳುತ್ತೆ, ತನ್ನ ಕೈಕೆಳಗಿನ ಗುತ್ತಿಗೆದಾರನಿಂದ ಬಂದ್ರೆ ಕೋರ್ಟು ಕೇಳುತ್ತೆ.

2013ರ ಚುನಾವಣೆಯಲ್ಲಿ ಎದುರಿಗೆ ನಿಂತಿದ್ದು ಡ್ಯಾನ್ ರಿವೆರಾ. ಕೌನ್ಸಿಲರ್, ಗಲ್ಫ್ ಯುದ್ಧಕ್ಕೆ ಹೋಗಿ ಬಂದ ಸೈನಿಕ, ತಾಯಿ ಡೊಮಿನಿಕನ್, ಬೆಳೆದಿದ್ದು ಲಾರೆನ್ಸ್‌ನಲ್ಲೇ. ಇದೇ ಮುಖ್ಯ ತಿರುವು. ಅಲ್ಲಿವರೆಗೆ ಲಾಂಟಿಗ್ವಾನ ಬೈದ್ರೆ ಲ್ಯಾಟಿನೊಗಳನ್ನ ಬೈದ ಹಾಗೆ ಅಂತ ಅವರ ಬೆಂಬಲಿಗರು ವಾದ ಮಾಡೋಕೆ ಜಾಗ ಇತ್ತು, ಅದ್ರಲ್ಲಿ ಸ್ವಲ್ಪ ನಿಜಾನೂ ಇತ್ತು, ಯಾಕಂದ್ರೆ ಹಿಂದಿನ ಬಿಳಿ ಮೇಯರ್‌ಗಳು ಮಾಡಿದ ಸಾಲಕ್ಕೆ ಯಾರೂ ಇಷ್ಟು ಗಲಾಟೆ ಮಾಡಿರ್ಲಿಲ್ಲ. ಎದುರಾಳಿಯೂ ಲ್ಯಾಟಿನೊ ಆದ್ಮೇಲೆ ಆ ವಾದ ನಿಲ್ಲಲಿಲ್ಲ. ಬಜೆಟ್ ಸರಿದೂಗಿಸಿದ್ದು ನಾನೇ ಅಂತ ಲಾಂಟಿಗ್ವಾ ಹೇಳ್ಕೊಂಡ್ರು, ಹದಿನೈದು ಸಾವಿರದ ಆಸುಪಾಸು ಓಟು ಬಿತ್ತು, ಮೊದಲ ಎಣಿಕೆಯಲ್ಲಿ ರಿವೆರಾ 60 ಓಟು ಮುಂದೆ, ಮರುಎಣಿಕೆ ಕೇಳಿದ್ರು, ಅದ್ರಲ್ಲಿ ಅಂತರ 81ಕ್ಕೆ ಏರ್ತು. ಇಷ್ಟೆಲ್ಲಾ ಆದ್ಮೇಲೂ ಬರೀ 81. ಬಾಸ್ಟನ್ ಪೇಪರ್ ಓದ್ಕೊಂಡು ಇವರ ಕಥೆ ಮುಗೀತು ಅಂದುಕೊಂಡಿದ್ದವ್ರಿಗೆ ಅರ್ಥ ಆಗದೇ ಇದ್ದಿದ್ದು ಇದೇ, ಊರಿನ ಅರ್ಧ ಜನಕ್ಕೆ ಅವರು ಇನ್ನೂ ಫೋನ್ ಎತ್ತೋ ಮನುಷ್ಯ.

2017ರಲ್ಲಿ ಮತ್ತೆ ರಿವೆರಾ ಎದುರೇ ನಿಂತ್ರು, ಮತ್ತೆ ಸೋತ್ರು. ಅದೇ ವರ್ಷ ಹತ್ತಿರದ ಲಿನ್ ಅನ್ನೋ ಊರಲ್ಲಿ ಥಾಮಸ್ ಮಕ್‌ಗೀ ಅನ್ನೋ ಸ್ಟೇಟ್ ಸೆನೆಟರ್ ಮೇಯರ್ ಆಗಿ ಗೆದ್ರು, 2018ರ ಜನವರಿಯಲ್ಲಿ ಸೆನೆಟ್ ಬಿಟ್ಟು ಬಂದು ಕೂತ್ರು, ಎರಡು ಸಂಬಳದ ಮಾತೇ ಏಳ್ಲಿಲ್ಲ. ಲಾರೆನ್ಸ್‌ನಲ್ಲಿ ರಿವೆರಾ ಕಾಲಕ್ಕೆ ಬೇರೆಯದ್ದೇ ಕಷ್ಟ ಬಂತು, 2018ರ ಸೆಪ್ಟೆಂಬರ್ 13ರಂದು ಗ್ಯಾಸ್ ಪೈಪ್‌ಗಳಲ್ಲಿ ಒತ್ತಡ ಜಾಸ್ತಿಯಾಗಿ ಲಾರೆನ್ಸ್, ಆಂಡೋವರ್, ನಾರ್ತ್ ಆಂಡೋವರ್ ಮೂರೂ ಕಡೆ ಮನೆಗಳು ಹೊತ್ತಿ ಉರಿದ್ವು. 2021ರ ಜನವರಿಯಲ್ಲಿ ರಿವೆರಾ ಕುರ್ಚಿ ಬಿಟ್ಟು ರಾಜ್ಯದ ಒಂದು ಹಣಕಾಸು ಸಂಸ್ಥೆಗೆ ಮುಖ್ಯಸ್ಥರಾಗಿ ಹೋದ್ರು.

ಆ ವರ್ಷದ ಚುನಾವಣೆಗೆ ಲಾಂಟಿಗ್ವಾ ಮತ್ತೆ ಅರ್ಜಿ ಹಾಕಿದ್ರು. ಮೊದಲ ಸುತ್ತು ದಾಟ್ಲಿಲ್ಲ. ಕೊನೇ ಸುತ್ತಿಗೆ ಹೋದವ್ರು ಬ್ರಯಾನ್ ದೆ ಪೆನ್ಯಾ ಮತ್ತೆ ಕೆಂಡ್ರಿಸ್ ವಾಸ್ಕೆಸ್, ಗೆದ್ದಿದ್ದು ದೆ ಪೆನ್ಯಾ. ಇಬ್ಬರೂ ಲ್ಯಾಟಿನೊ, ಅದನ್ನ ಹೆಡ್‌ಲೈನ್ ಮಾಡೋ ಅಗತ್ಯ ಊರಲ್ಲಿ ಯಾರಿಗೂ ಕಾಣಿಸ್ಲಿಲ್ಲ.