ಕರೆಂಟ್ ಹೋದರೂ ಹೋಗದ ಅಯಸ್ಕಾಂತ

ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದವರನ್ನು ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಕರೆತರುತ್ತಾರೆ. ಬೆನ್ನುಹುರಿಗೆ ಏನಾಗಿದೆ ಅಂತ ನೋಡಲು ಎಂಆರ್‌ಐ ಬೇಕಾಗುತ್ತದೆ. ಮೆಷಿನ್ ಒಳಗೆ ಮಲಗಿದ್ದಾಗಲೇ ಅವರ ಉಸಿರು ನಿಂತಿತು ಅಂದುಕೊಳ್ಳಿ. ನೀವು ಹೊರಗಿದ್ದೀರಿ, ಪಕ್ಕದಲ್ಲೇ ಆಕ್ಸಿಜನ್ ಸಿಲಿಂಡರ್ ಇದೆ. ಎತ್ತಿಕೊಂಡು ಓಡೋಣ ಅನಿಸುತ್ತದೆ, ಅಲ್ವಾ? ದಯವಿಟ್ಟು ಓಡಬೇಡಿ.

ಆ ಮೆಷಿನ್ ಒಂದು ಭಾರಿ ಅಯಸ್ಕಾಂತ, ಕಬ್ಬಿಣದ ಸಿಲಿಂಡರನ್ನು ನಿಮ್ಮ ಕೈಯಿಂದಲೇ ಸೆಳೆದುಕೊಳ್ಳುತ್ತದೆ. ಅದರ ಬಲ ಸಾಮಾನ್ಯವಾಗಿ 1.5 ಇಲ್ಲವೇ 3 ಟೆಸ್ಲಾ (ಕಾಂತಬಲ ಅಳೆಯುವ ಮಾನ). 1.5 ಅಂದರೆ ಭೂಮಿಯ ಕಾಂತಬಲಕ್ಕಿಂತ 30 ಸಾವಿರ ಪಟ್ಟಿಗೂ ಜಾಸ್ತಿ. ಸ್ಕ್ಯಾನ್ ಮುಗಿದು ಸದ್ದು ನಿಂತರೂ, ಮಳೆಗಾಲದಲ್ಲಿ ನಮ್ಮ ಕಡೆ ಹೋಗುವ ಹಾಗೆ ಕರೆಂಟ್ ಹೋದರೂ ಆ ಬಲ ಹಾಗೇ ಇರುತ್ತದೆ. ಒಳಗಿನ ತಂತಿ ಸುರುಳಿಯನ್ನು ದ್ರವ ಹೀಲಿಯಂ ಮೈನಸ್ 269 ಡಿಗ್ರಿಯಷ್ಟು ತಣ್ಣಗಿಟ್ಟಿರುತ್ತದೆ. ಅಷ್ಟು ತಣ್ಣಗಾದ ತಂತಿಯಲ್ಲಿ ವಿದ್ಯುತ್ತಿಗೆ ತಡೆಯೇ ಇಲ್ಲ, ಒಮ್ಮೆ ಹರಿಸಿದ್ದು ಸುತ್ತುತ್ತಲೇ ಇರುತ್ತದೆ.

2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದಿದ್ದ ಯುವಕನೊಬ್ಬ ಸಿಲಿಂಡರ್ ಹಿಡಿದು ಒಳಗೆ ಹೋದ. ಮೆಷಿನ್ ಆಫ್ ಇದೆ ಎಂದು ಸಿಬ್ಬಂದಿ ಹೇಳಿದ್ದರು ಅಂತ ಮನೆಯವರು ಹೇಳಿದರು. ಅವನು ಬದುಕಲಿಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಸಂಕಟವಾಗುತ್ತದೆ.

ಹಾಗಾಗಿ ನಿಯಮ ಒಂದೇ: ಸಹಾಯ ಒಳಗೆ ಹೋಗಬಾರದು, ರೋಗಿ ಹೊರಗೆ ಬರಬೇಕು. ಒಳಗಿನ ಸಿಬ್ಬಂದಿ ಎದೆ ಒತ್ತಲು ಶುರು ಮಾಡಿ, ಕಬ್ಬಿಣವಿಲ್ಲದ ಸ್ಟ್ರೆಚರ್‌ನಲ್ಲಿ ಬೇಗನೆ ಬಾಗಿಲಾಚೆ ತರುತ್ತಾರೆ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಸಿಲಿಂಡರ್ ಎಲ್ಲ ಹೊರಗೇ ಕಾಯುತ್ತವೆ. ರೋಗಿ ಬಂದ ಕೂಡಲೇ ಆ ಬಾಗಿಲು ಮುಚ್ಚಿ ಒಬ್ಬರು ಕಾವಲು ನಿಲ್ಲಬೇಕು, ಯಾಕೆಂದರೆ ವಾರ್ಡಿನಿಂದ ಓಡಿ ಬರುವವರ ಜೇಬಲ್ಲಿ ಕತ್ತರಿ ಇರುತ್ತದೆ, ಗಾಬರಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.

ಅಯಸ್ಕಾಂತವನ್ನೇ ಆರಿಸುವ ಗುಂಡಿ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಅದನ್ನು ಕ್ವೆಂಚ್ ಅನ್ನುತ್ತಾರೆ. ಒತ್ತಿದರೆ ಒಂದೊಂದು ಲೀಟರ್ ದ್ರವ ಹೀಲಿಯಂ ಸುಮಾರು 700 ಲೀಟರ್ ಅನಿಲವಾಗಿ ಕೊಳವೆಯಲ್ಲಿ ಹೊರಗೆ ನುಗ್ಗುತ್ತದೆ. ಕೊಳವೆ ಕೈಕೊಟ್ಟರೆ ಕೋಣೆಯಲ್ಲಿ ಆಮ್ಲಜನಕವೇ ಉಳಿಯದೆ ಹೋಗಬಹುದು. ಕಾಂತಬಲ ಇಳಿಯಲು ಒಂದೆರಡು ನಿಮಿಷವೂ ಹಿಡಿಯುತ್ತದೆ. ನಿಂತ ಹೃದಯಕ್ಕೆ ಅಷ್ಟು ಪುರುಸೊತ್ತಿಲ್ಲ. ಕಬ್ಬಿಣಕ್ಕೂ ಮೆಷಿನ್‌ಗೂ ನಡುವೆ ಯಾರಾದರೂ ಸಿಕ್ಕಿಕೊಂಡಾಗ ಮಾತ್ರ ಆ ಗುಂಡಿ.

ನಮ್ಮ ಕೆಲಸ ಬಾಗಿಲ ಹೊರಗೇ ಇದೆ. ಸೊಂಟದ ಕೊಕ್ಕೆ, ಕತ್ತಿ, ಬೀಗದ ಕೈ, ಮೊಬೈಲು ಮೊದಲೇ ತೆಗೆದಿಡಿ. ಎದೆಬಡಿತ ಸರಿಯಾಗಿಡಲು ಒಳಗೆ ಕೂರಿಸಿದ ಪೇಸ್‌ಮೇಕರ್ ಇದ್ದರೆ, ಯಾವತ್ತೋ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕಿದ್ದರೆ, ಕೇಳದಿದ್ದರೂ ಹೇಳಿ. ಒಳಗೆ ಗಲಾಟೆ ಕೇಳಿಸಿದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ, ನಿಮ್ಮವರನ್ನು ಆ ದಾರಿಯಲ್ಲೇ ಹೊರಗೆ ತರುತ್ತಿದ್ದಾರೆ.